ಸಹಿಗೆ ಪುಡಿ ಹತ್ತುವುದಿಲ್ಲ

ನಮ್ಮ ಕಾನೂನುಗಳಲ್ಲೆಲ್ಲ ಅತ್ಯಂತ ಮುಗ್ಧವಾದದ್ದು ಸಕಾಲ. ಗಡುವಿನೊಳಗೆ ಕೆಲಸ ಆಗದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. 2011ರ ಕಾಯ್ದೆಯಲ್ಲಿ ಇದನ್ನು ಬರೆದ ಪುಣ್ಯಾತ್ಮರು ತಾಲ್ಲೂಕು ಕಚೇರಿಯ ಮಾಮೂಲು ದರ ಕೇಳಿರಲಿಲ್ಲವೇನೋ. ಕಡತದ ಮೇಲೆ ಕೂತರೆ ದಿನಕ್ಕೆ ಇಪ್ಪತ್ತು ನಷ್ಟ, ಏಳುವುದಕ್ಕೆ ಐದು ಸಾವಿರ ಗಿಂಬಳ. ಆ ಇಪ್ಪತ್ತನ್ನೂ ಉಳಿಸುವ ಉಪಾಯವಿದೆ: ಕೊನೆಯ ದಿನ ‘ದಾಖಲೆ ಸರಿಯಿಲ್ಲ’ ಎಂದು ಷರಾ ಬರೆದು ಅರ್ಜಿ ವಜಾ ಮಾಡುವುದು. ಅದೂ ಸಕಾಲಿಕ ವಿಲೇವಾರಿಯೇ.

ದೂರು ಕೊಡಬಹುದಲ್ಲ ಎನ್ನುತ್ತೀರಿ. ಧಾರಾಳವಾಗಿ. ಲೋಕಾಯುಕ್ತರ ಗಣಿ ವರದಿಗೆ 2011ರಲ್ಲಿ ಮುಖ್ಯಮಂತ್ರಿಯ ಕುರ್ಚಿಯೇ ಹೋಯಿತು. ಅಷ್ಟು ದುಡಿದ ಸಂಸ್ಥೆಗೆ ವಿಶ್ರಾಂತಿ ಬೇಡವೇ? 2016ರಲ್ಲಿ ಅದರ ಲಂಚ ತನಿಖೆಯ ಕೆಲಸಕ್ಕೆ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಹುಟ್ಟಿತು, ಈ ದಳದ ಲಗಾಮು ಮುಖ್ಯಮಂತ್ರಿಯ ಕೈಲೇ ಇತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟೇ ಅದನ್ನು ರದ್ದು ಮಾಡಿ ಆ ಕೆಲಸವನ್ನು ಲೋಕಾಯುಕ್ತಕ್ಕೆ ಮರಳಿಸಬೇಕಾಯಿತು. ನಡುವೆ ಮೂರೂ ಪಕ್ಷಗಳವರು ಆ ಲಗಾಮು ಹಿಡಿದರು, ಬಿಡುವ ಅವಸರ ಯಾರಿಗೂ ಇರಲಿಲ್ಲ. ಸರ್ವಪಕ್ಷ ಒಮ್ಮತ ಎಂದರೆ ಇದು.

ಇನ್ನು ಬೇಟೆಯ ನಿಯಮ. ಒಬ್ಬನೇ ಗುತ್ತಿಗೆದಾರನ ಅಳತೆಗೆ ಟೆಂಡರ್ ಷರತ್ತು ಹೊಲಿದು ಸಹಿ ಹಾಕಿದವರನ್ನು ಪ್ರಶ್ನಿಸಬೇಕೇ? 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ಸೇರಿದ 17ಎ ಕಲಂ ಪ್ರಕಾರ ಮೊದಲು ಅವರ ಮೇಲಿನವರ ಅನುಮತಿ ತನ್ನಿ. ಆ ಮೇಲಿನವರಿಗೂ ಪಾಲು ಹೋಗಿದ್ದರೆ? ಛೆ, ಕಾಯ್ದೆ ಅಂಥ ಕೆಟ್ಟ ಯೋಚನೆ ಮಾಡುವುದಿಲ್ಲ. ಲಂಚ ಈಸಿಕೊಳ್ಳುವಾಗ ಸ್ಥಳದಲ್ಲೇ ಸಿಕ್ಕಿಬಿದ್ದವನಿಗೆ ಮಾತ್ರ ಈ ಮರ್ಯಾದೆ ಇಲ್ಲ.

ಹೀಗಾಗಿ ಬಲೆಗೆ ಬೀಳುವವನು ಸರ್ವೇಯರ್. ಜಮೀನಿನ ಪೋಡಿಗೆ ಅಲೆದು ಸುಸ್ತಾದ ರೈತನೊಬ್ಬ ದೂರು ಕೊಟ್ಟ ಅನ್ನಿ. ಅವನೇ ಹೊಂದಿಸಿ ತಂದ ನೋಟುಗಳ ನಂಬರು ಬರೆದುಕೊಳ್ಳುತ್ತಾರೆ, ಫಿನಾಫ್ತಲೀನ್ ಪುಡಿ ಸವರುತ್ತಾರೆ, ಜೊತೆಗೆ ಪಂಚರನ್ನು ಕಳಿಸುತ್ತಾರೆ. ನೋಟು ಎಣಿಸಿದ ಬೆರಳನ್ನು ಸೋಡಾ ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿ. ಅದನ್ನು ಸೀಸೆಗೆ ತುಂಬಿ ಅರಗು ಹಾಕಿ ಸೀಲು ಮಾಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ, ಊರಿಗೆಲ್ಲ ಸಮಾಧಾನ. ಪುಡಿ ಒಳ್ಳೆಯದೇ, ಸಹಿಗೆ ಮಾತ್ರ ಹತ್ತುವುದಿಲ್ಲ.

ರೈತನ ನೋಟುಗಳು ಈಗ ಮುದ್ದೆಮಾಲು. ಸರ್ವೇಯರ್ ಅಮಾನತು. ಆ ಜಾಗಕ್ಕೆ ವರ್ಗವಾಗಿ ಬರಲು ಇನ್ನೊಬ್ಬ ಎಷ್ಟು ಕೊಟ್ಟನೋ, ಆ ಸಾಲ ತೀರಬೇಕು. ಮನುಷ್ಯ ಬಹಳ ಹುಷಾರು. ಎಲ್ಲರ ಕಡತವನ್ನೂ ನೋಡುತ್ತಾನೆ, ಲೋಕಾಯುಕ್ತಕ್ಕೆ ಹೋಗಿಬಂದ ಈ ರೈತನದೊಂದನ್ನು ಬಿಟ್ಟು.