ಚೀಟಿ ನೆನೆಸುವವರು

ಬಳಸಿದ ಅಂಚೆಚೀಟಿಗಳಿಂದ ಶುಭಾಶಯ ಪತ್ರ ಮಾಡುವವರು ಬಹುಮಟ್ಟಿಗೆ ನಿವೃತ್ತ ಗುಮಾಸ್ತರು, ಇಲ್ಲವೇ ಮೇಷ್ಟ್ರು. ಲಕೋಟೆ ಬಂದರೆ ಇವರ ಕಣ್ಣು ಮೊದಲು ಹೋಗುವುದು ಮೇಲಿನ ಬಲಮೂಲೆಗೆ. ಒಳಗಿರುವುದು ಮದುವೆಯ ಕರೆಯೋಲೆಯೋ ತೆರಿಗೆಯ ನೋಟಿಸೋ ಎಂಬುದು ಆಮೇಲಿನ ಮಾತು. ನೆಂಟರ ಮನೆಯಲ್ಲಿ ಕಾಫಿ ಬರುವಷ್ಟರಲ್ಲಿ ಕಸದ ಬುಟ್ಟಿಯ ತಪಾಸಣೆ ಮುಗಿದಿರುತ್ತದೆ. ಚೀಟಿಯಿಲ್ಲದ ಲಕೋಟೆ ತರುವ ಕೊರಿಯರ್ ಹುಡುಗನನ್ನು ಕಂಡರೆ ಮುಖ ಬಾಡುತ್ತದೆ.

ಇವರನ್ನು ಅಂಚೆಚೀಟಿ ಸಂಗ್ರಾಹಕರೆಂದರೆ ಇಬ್ಬರಿಗೂ ಸಿಟ್ಟು. ಅಂಚಿನ ಒಂದು ಹಲ್ಲು ಮುರಿದರೂ ಸಂಗ್ರಾಹಕರ ಪಾಲಿಗೆ ಚೀಟಿ ಸತ್ತಂತೆ; ಇವರಿಗೆ ಆ ಮುರುಕೇ ನವಿಲುಗರಿ, ಕಬ್ಬಿನ ಗಣ್ಣು. ಸ್ವತಂತ್ರ ಭಾರತದ ಮೊದಲ ಚೀಟಿ, 1947ರ ನವೆಂಬರ್ 21ರಂದು ಬಂದ 3½ ಆಣೆಯ ರಾಷ್ಟ್ರಧ್ವಜ, ಕೈಗೆ ಸಿಕ್ಕರೆ ಮಾತ್ರ ಕತ್ತರಿ ತಡೆಯುತ್ತದೆ. ಅದನ್ನು ಗೌರವದಿಂದ ಇಡಿಯಾಗಿಯೇ ಅಂಟಿಸುತ್ತಾರೆ, ಫೆವಿಕಾಲ್ ಹಚ್ಚಿ.

ಕಾರ್ಯಾಗಾರ ಅಡುಗೆಮನೆ. ಸುತ್ತ ಬೆರಳಗಲ ಕಾಗದ ಬಿಟ್ಟು ಕತ್ತರಿಸಿದ ಚೀಟಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದಿಪ್ಪತ್ತು ನಿಮಿಷ ಬಿಟ್ಟರೆ ಗೋಂದು ಕರಗಿ ಅದು ತಾನೇ ಜಾರಿಕೊಳ್ಳುತ್ತದೆ. ಅವಸರಕ್ಕೆ ಎಳೆದರೆ ಹರಿಯುತ್ತದೆ. ಕೆಂಪು ಲಕೋಟೆಯ ತುಂಡು ಜೊತೆಗೆ ಬಿದ್ದರೆ ಬಣ್ಣ ಬಿಟ್ಟು ಗಾಂಧೀಜಿ ಗುಲಾಬಿಯಾಗುತ್ತಾರೆ. ಆದ್ದರಿಂದ ಅದಕ್ಕೆ ಬೇರೆ ಪಾತ್ರೆ. ಹಬ್ಬದ ಮುನ್ನಾದಿನ ಮನೆಯಾಕೆ ಕಡಲೆಬೇಳೆ ನೆನೆಹಾಕಲು ಹುಡುಕುವ ಪಾತ್ರೆಯೂ ಅದೇ. ಆಮೇಲೆ ಚೀಟಿಗಳನ್ನು ಹಳೆಯ ಪತ್ರಿಕೆಯ ಮೇಲೆ ಬೋರಲು ಹಾಕಿ ಒಣಗಿಸಬೇಕು. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಫ್ಯಾನ್ ಹಾಕುವಂತಿಲ್ಲ. ಮುದುರಿದ್ದನ್ನು ಸಪಾಟು ಮಾಡಲು ಮೇಲೆ ದಪ್ಪ ಪುಸ್ತಕ ಹೇರುತ್ತಾರೆ. ಕುಮಾರವ್ಯಾಸ ಭಾರತ ಬೀರುವಿನಿಂದ ಇಳಿಯುವುದು ಈ ಒಂದು ಕಾರಣಕ್ಕೆ.

ಅಂಚೆ ಇಲಾಖೆ 2006ರ ಡಿಸೆಂಬರಿನಲ್ಲಿ ಶ್ರೀಗಂಧದ ಪರಿಮಳದ 15 ರೂಪಾಯಿ ಚೀಟಿ ತಂದಿತು. ಇವರು ಅದನ್ನು ಬಂದವರಿಗೆಲ್ಲ ಮೂಸಲು ಕೊಡುತ್ತಾರೆ. ಯಾರ ಮೂಗಿಗೂ ಏನೂ ತಾಗದಿದ್ದರೆ ಮೈಸೂರ್ ಸ್ಯಾಂಡಲ್ ಸೋಪಿನ ಖಾಲಿ ಡಬ್ಬಿಯಲ್ಲಿ ಒಂದು ವಾರ ಇಟ್ಟು ಮತ್ತೆ ಕೊಡುತ್ತಾರೆ.

ಹೀಗೆ ಒಣಗಿಸಿದ ಚೀಟಿಗಳನ್ನು ಕತ್ತರಿಸಿ, ಅಂಟಿಸಿ ಸಿದ್ಧವಾದ ಸಂಕ್ರಾಂತಿ ಪತ್ರದಲ್ಲಿ 'ಶುಭಾಶಯ' ಎಂದು ಬರೆಯಲು ಉಳಿಯುವುದು ಹೆಬ್ಬೆಟ್ಟಿನಷ್ಟು ಜಾಗ. ಮುದ್ರೆ ಬಿದ್ದ ಚೀಟಿಗಳು ಒಳಗೆ ಎಷ್ಟಿದ್ದರೂ ಅಂಚೆಗೆ ಸಲ್ಲವು. ಲಕೋಟೆಗೆ ಹೊಸದೇ ಬೇಕು. ಅದಕ್ಕೆ ಇರುವುದರಲ್ಲೇ ಚೆಂದದ್ದನ್ನು ಆರಿಸಿ ಹಚ್ಚಿ, ಠಸ್ಸೆ ಸ್ವಲ್ಪ ಮೆಲ್ಲಗೆ ಹೊಡೆಯಿರೆಂದು ಅಂಚೆಯವರಿಗೆ ಹೇಳಿ ಬರುತ್ತಾರೆ. ಪತ್ರ ತಲುಪಿದ ದಿನವೇ ಫೋನು: "ಕಬ್ಬು ಯಾವ ಚೀಟೀದು, ಗೊತ್ತಾಯ್ತೇನಪ್ಪಾ?" ಉತ್ತರಕ್ಕೆ ಕಾಯದೆ ಇನ್ನೊಂದು ಪ್ರಶ್ನೆ: "ಲಕೋಟೆ ಬಿಸಾಕಿಲ್ಲ ತಾನೆ?"