ಏಕಗೃಹ ಶ್ವಾನದ್ವಯ ಭೋಜನ ಮೀಮಾಂಸೆ

ಒಂದೇ ಮನೆಯಲ್ಲಿ ಮುದಿನಾಯಿಯೊಂದು, ಮರಿಯೊಂದು ಇದ್ದರೆ ಯಾವುದಕ್ಕೆ ಏನು ಬಡಿಸಬೇಕು? ಈ ಪ್ರಶ್ನೆಯನ್ನು ಕನ್ನಡದ ವಿದ್ವತ್ ಪ್ರಪಂಚ ಇಷ್ಟು ಕಾಲ ಕಡೆಗಣಿಸಿದ್ದು ಅಕ್ಷಮ್ಯ. ಕವಿಗಳ ಕಾಲ, ದೇಶ, ಮತಗಳ ನಿರ್ಣಯಕ್ಕೆ ಖರ್ಚಾದ ಶಾಯಿಯಲ್ಲಿ ನೂರಕ್ಕೊಂದು ಪಾಲು ಈ ಕಡೆ ಹರಿದಿದ್ದರೂ ಮಾಣಿಯ ಮನೆಗಳ ಜಗಲಿಯಲ್ಲಿ ಎರಡು ಹೊತ್ತು ಕೇಳುವ ‘ಗುರ್ರ್’ ಶಬ್ದಕ್ಕೆ ಇಷ್ಟರಲ್ಲಿ ಒಂದು ಭಾಷ್ಯವಾದರೂ ಸಿಕ್ಕುತ್ತಿತ್ತು. ಆ ಕೊರತೆ ತುಂಬುವ ವಿನಮ್ರ ಪ್ರಯತ್ನವಿದು. (ವಿನಮ್ರ ಎಂದು ಬರೆಯುವುದು ಪ್ರಬಂಧದ ಸಂಪ್ರದಾಯ, ಆದ್ದರಿಂದ ಬರೆದಿದೆ.)

ಮೊದಲು ಕ್ಷೇತ್ರ ಪರಿಚಯ. ಮಾಣಿ ಬಂಟ್ವಾಳ ತಾಲೂಕಿನ ಒಂದು ಜಂಕ್ಷನ್. ಮಂಗಳೂರಿನಿಂದ ಬರುವ ರಾಷ್ಟ್ರೀಯ ಹೆದ್ದಾರಿ 75 ಇಲ್ಲಿಂದ ಮುಂದೆ ಉಪ್ಪಿನಂಗಡಿ ದಾಟಿ, ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುತ್ತದೆ. ಇಲ್ಲೇ ಕವಲೊಡೆಯುವ 275 ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು ಎಂದು ಸುತ್ತು ಹಾಕಿ ಅದೂ ಬೆಂಗಳೂರಿಗೇ ಹೋಗುತ್ತದೆ. ದಾರಿ ಎರಡು, ಗಮ್ಯ ಒಂದು. ತತ್ತ್ವಜಿಜ್ಞಾಸೆಗೆ ಇಷ್ಟು ಪ್ರಶಸ್ತವಾದ ಸ್ಥಳ ಬೇರೆ ಸಿಗಲಿಕ್ಕಿಲ್ಲ. ಬಸ್ಸು ಕಾಯುವವರಿಗೆ ಜಿಜ್ಞಾಸೆ ಮಾಡಲು ಪುರುಸೊತ್ತೂ ಧಾರಾಳ ಉಂಟು.

ಅಧ್ಯಯನಕ್ಕೆ ಒಳಪಟ್ಟ ಜೀವಿಗಳು ಎರಡು. ಒಂದು ಬೊಳ್ಳು: ಬಿಳಿಯ ಊರನಾಯಿ, ವಯಸ್ಸು ಹನ್ನೊಂದರ ಆಸುಪಾಸು, ಎಡಗಣ್ಣಿನಲ್ಲಿ ಪೊರೆ, ಸೊಂಟದಲ್ಲಿ ನೋವು, ಮುಖದಲ್ಲಿ ವೈರಾಗ್ಯ. ಇನ್ನೊಂದು ಟೈಗರ್: ಮೂರು ತಿಂಗಳ ಕಂದು ಮರಿ, ಭಾವ ವಿಟ್ಲದಿಂದ ಬಿಸ್ಕೆಟಿನ ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟದ್ದು. ಹೆಸರು ಹುಲಿಯದ್ದಾದರೂ ಹೇಂಟೆ ರೆಕ್ಕೆ ಬಿಚ್ಚಿದರೆ ಹಟ್ಟಿಯೊಳಗೆ ಅಡಗುತ್ತದೆ.

ಪೂರ್ವಸೂರಿಗಳು ಈ ವಿಷಯದಲ್ಲಿ ಏನು ಹೇಳಿದ್ದಾರೆ? ನಿರಾಶೆಯೇ ಗತಿ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲಿನವರೆಗೆ ನಡೆದ ನಾಯಿ ದಾರಿಯುದ್ದಕ್ಕೂ ಏನು ತಿಂದಿತೆಂಬ ಬಗ್ಗೆ ಮಹಾಭಾರತ ಮೌನವಾಗಿದೆ. ಶಾಸನಗಳ ಕಡೆ ತಿರುಗಿದರೆ ಮಂಡ್ಯ ಜಿಲ್ಲೆಯ ಆತಕೂರಿನ ಪ್ರಸಿದ್ಧ ವೀರಗಲ್ಲು ಎದುರಾಗುತ್ತದೆ. ಕಾಲ ಸಾ.ಶ. 949–50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಎಂದಾಗ ಆತ ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಗೊರವನನ್ನು ನೇಮಿಸಿದರು. ಆ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂದು ಕಟ್ಟಪ್ಪಣೆಯನ್ನೂ ಕೆತ್ತಿಸಿದರು. ವಿದ್ವಾಂಸರು ಗಮನಿಸಬೇಕು: ಶಾಸನದಲ್ಲಿ ಊಟದ ಪ್ರಸ್ತಾಪ ಖಂಡಿತ ಉಂಟು. ಆದರೆ ಅದು ಗೊರವನ ಊಟ. ಸಾವಿರದ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ನಾಯಿಗೆ ಜಮೀನು ಸಿಕ್ಕಿತು, ಪೂಜೆ ಸಿಕ್ಕಿತು. ಆಹಾರಪಟ್ಟಿ ಮಾತ್ರ ಸಿಗಲಿಲ್ಲ. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಗ್ರಂಥಾಧಾರ ಕೈಕೊಟ್ಟ ಮೇಲೆ ಉಳಿದದ್ದು ಮತಭೇದ. ಮಾಣಿ ಪರಿಸರದಲ್ಲಿ ಪ್ರಚಲಿತವಿರುವ ಮತಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ಅದ್ವೈತ. ನಾಯಿ ಎಂದರೆ ನಾಯಿ. ಮರಿ, ಮುದಿ ಎಂಬುದೆಲ್ಲ ಮಾಯೆ. ಆದ್ದರಿಂದ ಒಂದೇ ಪಾತ್ರೆ, ಒಂದೇ ಗಂಜಿ. ಕುಚ್ಚಲಕ್ಕಿ ಅನ್ನ, ಅದರ ತೆಳಿ, ಬೂತಾಯಿ ಮೀನಿನ ತಲೆ, ಮಧ್ಯಾಹ್ನ ಉಳಿದ ಸಾರು, ಎಲ್ಲವೂ ಅಲ್ಲಿ ಲೀನ. ಈ ಮತವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದಂತೆ, ಪಿಷ್ಟ ಜೀರ್ಣಿಸುವ ಅಮೈಲೇಸಿನ ಜೀನು ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತು ಪ್ರತಿ ಇರುತ್ತದೆ. ಮನುಷ್ಯನ ಎಂಜಲನ್ನ ತಿಂದು ತಿಂದೇ ತೋಳ ನಾಯಿಯಾಯಿತು ಎಂಬ ವಾದಕ್ಕೆ ಇದು ಬಲ ಕೊಡುತ್ತದೆ. ಅಂದರೆ ಬೊಳ್ಳುವಿಗೆ ಗಂಜಿ ದಕ್ಕುವುದು ಪರಂಪರೆಯ ಬಲದಿಂದ.

ಆದರೆ ಖಂಡನೆಯೂ ಉಂಟು. ಅಮೆರಿಕದ ಪಶು ಆಹಾರ ಅಧಿಕಾರಿಗಳ ಸಂಘ ಹಾಕಿಕೊಟ್ಟ ಕನಿಷ್ಠ ಮಟ್ಟವನ್ನು ಜಗತ್ತಿನ ಬಹಳ ಕಂಪನಿಗಳು ಅನುಸರಿಸುತ್ತವೆ. ನೀರಿನಂಶ ಕಳೆದ ಲೆಕ್ಕದಲ್ಲಿ ಬೆಳೆಯುವ ಮರಿಗೆ ಪ್ರೋಟೀನು ಶೇ. 22.5, ಕೊಬ್ಬು ಶೇ. 8.5, ಕ್ಯಾಲ್ಸಿಯಂ ಶೇ. 1.2 ಇರಬೇಕು. ಬೆಳೆದ ನಾಯಿಗೆ ಕ್ರಮವಾಗಿ 18, 5.5, 0.5 ಸಾಕು. ಕ್ಯಾಲ್ಸಿಯಂ ಒಂದರಲ್ಲೇ ಎರಡು ಪಟ್ಟಿಗೂ ಮೀರಿದ ಅಂತರ! ಅನ್ನದಲ್ಲೂ ಎಲುಬಿಲ್ಲದ ಮಾಂಸದಲ್ಲೂ ರಂಜಕ ಇರುವಷ್ಟು ಕ್ಯಾಲ್ಸಿಯಂ ಇಲ್ಲ. ಅದನ್ನೇ ತಿಂದು ಬೆಳೆಯುವ ಮರಿಯ ದೇಹ ಕ್ಯಾಲ್ಸಿಯಮಿಗಾಗಿ ತನ್ನ ಎಲುಬನ್ನೇ ಕರಗಿಸುತ್ತದೆ. ಮುಂಗಾಲು ಬಾಗುತ್ತದೆ, ಸಣ್ಣ ನೆಗೆತಕ್ಕೂ ಎಲುಬು ಮುರಿಯುತ್ತದೆ. ಹಾಗೆಂದು ಕ್ಯಾಲ್ಸಿಯಂ ಸಿರಪ್ಪನ್ನು ಬಾಟ್ಲಿಗಟ್ಟಲೆ ಹೊಯ್ಯುವುದೂ ಸರಿಯಲ್ಲ. ದೊಡ್ಡ ತಳಿಯ ಮರಿಗಳಲ್ಲಿ ಅತಿಯಾದ ಕ್ಯಾಲ್ಸಿಯಮಿನಿಂದಲೇ ಎಲುಬು ವಕ್ರವಾಗುತ್ತದೆ. ಅವುಗಳ ಆಹಾರಕ್ಕೆ ಶೇ. 1.8 ಎಂಬ ಮೇಲ್ಮಿತಿಯೂ ಇದೆ. ಬೂತಾಯಿಯನ್ನು ಉಪ್ಪು ಖಾರ ಹಾಕದೆ ಕುಕ್ಕರಿನಲ್ಲಿ ಮುಳ್ಳು ಬೆರಳಲ್ಲಿ ಪುಡಿಯಾಗುವಷ್ಟು ಬೇಯಿಸಿದರೆ ಆ ಮುಳ್ಳೇ ಕ್ಯಾಲ್ಸಿಯಂ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಆ 61 ದಿನ ಮೀನಿನ ಬೈಕು ಹಾರ್ನ್ ಹೊಡೆಯುತ್ತಾ ಬಂದರೂ ಅದರ ಡಬ್ಬಿಯಲ್ಲಿರುವ ಬೂತಾಯಿ ನಾಯಿಗೆ ಹಾಕುವ ಬೆಲೆಯದ್ದಲ್ಲ. ಆಗ ಒಣಮೀನು ಹಾಕುವವರಿದ್ದಾರೆ. ಅದರ ಉಪ್ಪನ್ನು ನೆನೆದರೆ ಬೊಳ್ಳುವಿನ ಮೂತ್ರಪಿಂಡದ ಬಗ್ಗೆ ಕನಿಕರ ಹುಟ್ಟುತ್ತದೆ.

ಮಳೆಗಾಲದ ಅದ್ವೈತ ಹೀಗೆ ಮುರಿದುಬೀಳುತ್ತದೆ.

ಎರಡನೆಯದು ದ್ವೈತ. ಆಚಾರ್ಯ ಮಧ್ವರ ಜನ್ಮಭೂಮಿ ಪಾಜಕ ನಮ್ಮ ಪಕ್ಕದ ಉಡುಪಿ ಸೀಮೆಯಲ್ಲೇ ಇರುವುದರಿಂದ ಈ ಮತಕ್ಕೆ ಇಲ್ಲಿ ಸಹಜವಾಗಿ ಗೌರವ ಹೆಚ್ಚು. ಪಂಚಭೇದಗಳಲ್ಲಿ ಮೂರು ನಮ್ಮ ಜಗಲಿಗೆ ನೇರ ಅನ್ವಯವಾಗುತ್ತವೆ. ಬೊಳ್ಳು ಬೇರೆ, ಟೈಗರ್ ಬೇರೆ: ಇದು ಜೀವ–ಜೀವ ಭೇದ. ನಾಯಿ ಬೇರೆ, ತಟ್ಟೆ ಬೇರೆ: ಜೀವ–ಜಡ ಭೇದ. ಈ ತಟ್ಟೆ ಬೇರೆ, ಆ ತಟ್ಟೆ ಬೇರೆ: ಜಡ–ಜಡ ಭೇದ. ಸಿದ್ಧಾಂತ ನಿರ್ದುಷ್ಟ. ತೊಡಕೇನೆಂದರೆ ಟೈಗರ್ ಇದನ್ನು ಓದಿಲ್ಲ. ಹಾಳೆ ತಟ್ಟೆಯಲ್ಲಿ ಬಡಿಸಿದರೆ ಅದು ಅನ್ನ ಮುಗಿಸಿ ತಟ್ಟೆಯ ಅಂಚನ್ನೂ ಕಡಿದು ತಿನ್ನುತ್ತದೆ. ಜೀವ–ಜಡ ಭೇದ ಅಲ್ಲಿಗೆ ಹೋಯಿತು. ಆಮೇಲೆ ಬೊಳ್ಳುವಿನ ಅಲ್ಯೂಮಿನಿಯಂ ತಟ್ಟೆಯತ್ತ ಹೊಟ್ಟೆ ನೆಲಕ್ಕೆ ಹಚ್ಚಿಕೊಂಡು ತೆವಳುತ್ತದೆ. ಬೊಳ್ಳು ಮುಂಗಾಲಿನಿಂದ ತಟ್ಟೆಯ ಅಂಚು ಒತ್ತಿ ಹಿಡಿದು, ಬಲದವಡೆಯ ಮೂಲೆಯಲ್ಲಿ ನಿಧಾನವಾಗಿ ಅಗಿಯುತ್ತಿರುತ್ತದೆ. ಮರಿ ಅದರ ಗಂಟಲಿನ ಕೆಳಗಿನಿಂದ ಮೂತಿ ತೂರಿಸುತ್ತದೆ. ಬೊಳ್ಳು ತುಟಿ ಎತ್ತಿ ಒಂದೇ ಒಂದು ಕೋರೆಹಲ್ಲು ತೋರಿಸುತ್ತದೆ. ಬೆಳೆದ ನಾಯಿಗೆ 42 ಹಲ್ಲು, ಮರಿಗೆ 28 ಹಾಲುಹಲ್ಲು ಎನ್ನುವುದು ಶಾಸ್ತ್ರ. ಬೊಳ್ಳುವಿನ ಬಾಯಲ್ಲಿ ಶಾಸ್ತ್ರ ಅಲ್ಲಲ್ಲಿ ಉದುರಿದೆ. ಮರಿಗೆ ಅದೂ ಗೊತ್ತಿದೆ.

ದ್ವೈತಕ್ಕೆ ಅತ್ಯುತ್ತಮ ಲೌಕಿಕ ದೃಷ್ಟಾಂತ ಇಲ್ಲೇ ಪಶ್ಚಿಮಕ್ಕೆ ಕಲ್ಲಡ್ಕದಲ್ಲಿ ಸಿಗುತ್ತದೆ. ಅಲ್ಲಿನ ಕೆ.ಟಿ.ಯಲ್ಲಿ, ಅಂದರೆ ಕಲ್ಲಡ್ಕ ಟೀಯಲ್ಲಿ, ಹಾಲು ಕೆಳಗೆ, ಡಿಕಾಕ್ಷನ್ ಮೇಲೆ. ಒಂದೇ ಗ್ಲಾಸಿನಲ್ಲಿದ್ದೂ ಬೆರೆಯುವುದಿಲ್ಲ. ನಾಯಿಯ ಊಟ ಹಾಗೆ ನಡೆಯಬೇಕು. (ದೃಷ್ಟಾಂತವನ್ನು ನಾಯಿಗೆ ಕುಡಿಸಬೇಡಿ. ಚಹಾದ ಕೆಫೀನು ಅದರ ಹೃದಯಕ್ಕೆ ವಿಷ.)

ಮೂರನೆಯದು ವಿಶಿಷ್ಟಾದ್ವೈತ. ಆಹಾರ ಒಂದೇ, ಆದರೆ ವಿಶೇಷಣ ಸಹಿತ. ಕೆಲವು ಪ್ಯಾಕೆಟ್ಟುಗಳ ಮೇಲೆ ‘ಎಲ್ಲ ವಯಸ್ಸಿಗೂ’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅದರ ಅರ್ಥ, ಅದು ಮರಿಯ ಮಟ್ಟವನ್ನು ಮುಟ್ಟಿದೆ ಎಂದು. ಇಂಥದ್ದನ್ನು ಟೈಗರಿಗೆ ಹೊಟ್ಟೆ ತುಂಬ, ಬೊಳ್ಳುವಿಗೆ ಅಳತೆ ಮಾಡಿ ಕಡಿಮೆ ಹಾಕಿದರೆ ಇಬ್ಬರಿಗೂ ನಡೆಯುತ್ತದೆ. ಮುದಿನಾಯಿ ಆರೋಗ್ಯವಾಗಿದ್ದರೆ ಮಾತ್ರ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಪ್ರೋಟೀನು ಕಡಿಮೆ ಮಾಡಬೇಕಿಲ್ಲ, ಸ್ನಾಯು ಸೊರಗುತ್ತದೆ. ಆದರೆ ಮೂತ್ರಪಿಂಡ ಸೋತಿದ್ದರೆ ಮರಿಯ ಆಹಾರದ ರಂಜಕವೇ ಅದಕ್ಕೆ ಶತ್ರು. ಇದನ್ನು ತೀರ್ಮಾನಿಸುವುದು ತರ್ಕಶಾಸ್ತ್ರವಲ್ಲ, ರಕ್ತಪರೀಕ್ಷೆ. ಪ್ರಸ್ತುತ ಲೇಖಕನ ಒಲವು ಈ ಮತದ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಒಲವಿಗೆ ಒಂದು ಕಾರಣ ಪ್ಯಾಕೆಟ್ಟು ಒಂದೇ ತಂದರೆ ಸಾಕು ಎನ್ನುವುದು.

ನಾಲ್ಕನೆಯದು ಮೂಡಬಿದಿರೆಯ ದಿಕ್ಕಿನಿಂದ ಎರವಲು ತಂದದ್ದು. 1430ರಲ್ಲಿ ಸಾವಿರ ಕಂಬದ ಬಸದಿ ಎದ್ದ ಆ ಊರಿನ ಅನೇಕಾಂತ ದೃಷ್ಟಿಯಿಂದ ನೋಡಿದರೆ ತಟ್ಟೆ ಒಂದು ರೀತಿಯಲ್ಲಿ ಬೊಳ್ಳುವಿನದ್ದು, ಒಂದು ರೀತಿಯಲ್ಲಿ ಬೊಳ್ಳುವಿನದ್ದಲ್ಲ, ಇನ್ನೊಂದು ರೀತಿಯಲ್ಲಿ ಹೇಳಲಿಕ್ಕೇ ಬರುವುದಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ತಟ್ಟೆ ಖಾಲಿ. ಘಟನೆಯನ್ನು ಇಷ್ಟು ನಿಖರವಾಗಿ ವರ್ಣಿಸುವ ದರ್ಶನ ಬೇರೊಂದಿಲ್ಲ. ಮರಿಯ ಹೊಟ್ಟೆ ಮಾತ್ರ ಅದರಿಂದ ತುಂಬುವುದಿಲ್ಲ.

ಇಷ್ಟೆಲ್ಲ ಮತಗಳನ್ನು ಒಂದೇ ಏಟಿಗೆ ಉರುಳಿಸುವ ಶಕ್ತಿಯೊಂದು ಮನೆಯೊಳಗೇ ಇದೆ. ಅದು ಅಜ್ಜಿ. ಯಾವ ಸಂಶೋಧನೆಯಲ್ಲೂ ದಾಖಲಾಗದ ಈ ಅಂಶ ಮಧ್ಯಾಹ್ನ ಎರಡರ ಹೊತ್ತಿಗೆ, ಎಲ್ಲರೂ ಮಲಗಿದ ಮೇಲೆ ಕಾರ್ಯಪ್ರವೃತ್ತವಾಗುತ್ತದೆ. “ಪಾಪ, ಸಣ್ಣದಲ್ವಾ ಅದು, ಹಾಲು ಕುಡಿಲಿ” ಎಂದು ಟೈಗರಿಗೆ ಒಂದು ಲೋಟ. “ಪಾಪ, ಪ್ರಾಯ ಆಯ್ತಲ್ವಾ ಅದಕ್ಕೆ” ಎಂದು ಬೊಳ್ಳುವಿಗೆ ಎರಡು ನೀರುದೋಸೆ. ನಾಯಿಯ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಹಸುವಿನ ಹಾಲಿಗಿಂತ ಎರಡು ಪಟ್ಟಿನಷ್ಟು, ಲ್ಯಾಕ್ಟೋಸು ಮಾತ್ರ ಕಡಿಮೆ. ನಂದಿನಿಯ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3. ಹಾಗಾಗಿ ಲೋಟದಿಂದ ಮರಿಗೆ ಸಿಗುವುದು ಪುಷ್ಟಿಗಿಂತ ಹೆಚ್ಚಾಗಿ ಭೇದಿ. ಇದನ್ನು ಸೂಕ್ತ ಪ್ರಮಾಣಗಳೊಂದಿಗೆ ನಿವೇದಿಸಿದಾಗ ಬಂದ ಉತ್ತರ: “ನಾನು ಎಷ್ಟು ನಾಯಿ ಸಾಕಿದ್ದೇನೆ ಗೊತ್ತುಂಟಾ ನಿಂಗೆ?” ಇದು ಆಗಮ ಪ್ರಮಾಣ, ಇದರ ಮೇಲೆ ಅಪೀಲು ಇಲ್ಲ. ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ. ಅಜ್ಜಿಗೆ ಹೇಳಿದರೆ ಬಾಲದವರೆಗೂ ಹೋಗುವುದಿಲ್ಲ.

ಅಡಿಕೆ ಸೀಮೆಯ ಪ್ರಬಂಧವಾದ್ದರಿಂದ ಅಡಿಕೆಗೊಂದು ಅಧಿಕರಣ ಸಲ್ಲಬೇಕು. ಅಡಿಕೆಯಲ್ಲಿರುವ ಅರಿಕೊಲಿನ್ ಒಂದು ಕಾಲಕ್ಕೆ ನಾಯಿಯ ಲಾಡಿಹುಳುವಿಗೆ ಅಧಿಕೃತ ಮದ್ದಾಗಿತ್ತು. ದೂರದ ನ್ಯೂಜಿಲೆಂಡಿನಲ್ಲಿ ಕುರಿ ಕಾಯುವ ನಾಯಿಗಳಿಗೂ ಅದನ್ನು ಕೊಡುತ್ತಿದ್ದರು. ನಮ್ಮ ಕೆಲವರ ಎದೆ ಇದರಿಂದ ಉಬ್ಬುವುದು ಸಹಜ. ಆದರೆ ಮದ್ದಿಗೂ ವಿಷಕ್ಕೂ ನಡುವೆ ಅಂತರ ತೀರ ಕಿರಿದಾದ್ದರಿಂದ ಈಗ ಪ್ರಾಜಿಕ್ವಾಂಟೆಲ್ ಬಂದಿದೆ. ಅಂಗಳದಲ್ಲಿ ಒಣಗಿದ ಗೋಟನ್ನು ಟೈಗರಿನ ಬಾಯಿಗೆ ತುರುಕುವ ಸ್ವದೇಶಿ ಉತ್ಸಾಹ ಬೇಡ.

ಇನ್ನು ಸಿದ್ಧಾಂತ. ವಾದ ಇಷ್ಟು ಹೊತ್ತು ತಟ್ಟೆಯೊಳಗೆ ಏನಿರಬೇಕು ಎಂಬುದರ ಸುತ್ತ ಸುತ್ತಿತು. ಬೊಳ್ಳು–ಟೈಗರ್ ಪ್ರಕರಣ ತೋರಿಸುವುದು ಬೇರೆ. ಜಗಳ ಇರುವುದು ತಟ್ಟೆಗಳ ನಡುವಿನ ಬಾಗಿಲಲ್ಲಿ. ಮರಿಗೆ ಹಟ್ಟಿಯ ಪಕ್ಕ, ಮುದಿಯದಕ್ಕೆ ಚಾವಡಿಯಲ್ಲಿ ಬಡಿಸಿ ನಡುವಿನ ಬಾಗಿಲು ಹಾಕಿ. ಕಾಲು ಗಂಟೆ ಬಿಟ್ಟು, ತಿಂದಿರಲಿ ಬಿಟ್ಟಿರಲಿ, ಎರಡೂ ತಟ್ಟೆ ಎತ್ತಿ. ದಿನವಿಡೀ ತಟ್ಟೆ ತುಂಬಿಟ್ಟರೆ ಯಾರು ಎಷ್ಟು ತಿಂದರೆಂದು ತಿಳಿಯುವುದಿಲ್ಲ. ಮುದಿನಾಯಿ ಊಟ ಬಿಟ್ಟಿತೆಂಬ ಕಾಯಿಲೆಯ ಮೊದಲ ಸುಳಿವೇ ಕೈತಪ್ಪುತ್ತದೆ. ಮೂರು ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಬಾರಿ, ಆರು ತಿಂಗಳ ಮೇಲೆ ಎರಡು ಬಾರಿ, ಬೊಳ್ಳುವಿಗೆ ಎರಡೇ. ಗಂಜಿಯಿಂದ ಪ್ಯಾಕೆಟ್ಟಿಗೆ ಹಾರುವವರು ಒಂದೇ ದಿನಕ್ಕೆ ಹಾರದೆ, ಕಾಲುಭಾಗ, ಅರ್ಧ, ಮುಕ್ಕಾಲು ಎಂದು ವಾರ–ಹತ್ತು ದಿನದಲ್ಲಿ ಬದಲಿಸಿ. ಇಲ್ಲವಾದರೆ ಫಲಿತಾಂಶ ಜಗಲಿಯ ಮೇಲೆ ಪ್ರಕಟವಾಗುತ್ತದೆ. ಸಾರಿನಲ್ಲಿ ಬಂದ ನೀರುಳ್ಳಿ ರಕ್ತದ ಕೆಂಪುಕಣ ಒಡೆಯುತ್ತದೆ; ಆದ್ದರಿಂದ ಸಾರು ಬೆರೆಸುವ ಮುಂಚೆ ನಾಯಿಯ ಪಾಲು ತೆಗೆದಿಡಿ.

ಕೊನೆಯದಾಗಿ, ಮದುವೆ, ಗೃಹಪ್ರವೇಶಗಳ ಋತುವಿನಲ್ಲಿ ನಮ್ಮ ಮನೆಯ ನಾಯಿಗಳನ್ನು ನೆನೆದು ಕೋರಿ ರೊಟ್ಟಿಯ ಎಲುಬು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ತರುವ ಬಂಧುಗಳಲ್ಲಿ ಒಂದು ವಿನಂತಿ. ಬೆಂದ ಕೋಳಿಯ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ, ಮರಿಗೂ ಮುದಿಗೂ. ತರುವುದೇ ಆದರೆ ಎಲುಬು ಬೇಡ, ಬದಿಯ ರೊಟ್ಟಿ ತನ್ನಿ. ಅದನ್ನು ನಾವು ತಿನ್ನುತ್ತೇವೆ.