ದಿಂಬಿನ ಹೆಸರು, ಫರಸಿಯ ಕೆಲಸ

ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ಮನೆ ಮಾಡಿಕೊಂಡವನು ಕಂಪ್ಯೂಟರ್ ಸದ್ದು ಮಾಡುತ್ತದೆಂದು ದೂರಿದರೆ ಯಾರಾದರೂ ನಕ್ಕಾರು. ಹೆಚ್ಚಿನ ಎಂಎಂಟಿಎಸ್ ಲೋಕಲ್ ರೈಲುಗಳ ಓಟ ಮುಗಿಯುವುದು ಇಲ್ಲಿ. ಅವು ಮಲಗಿದ ಮೇಲೆ ವಾಡಿ, ಮಳಖೇಡ, ತಾಂಡೂರಿನ ಕಡೆಯ ಸಿಮೆಂಟ್ ಹೊತ್ತ ಗೂಡ್ಸ್ ಗಾಡಿಗಳ ಪಾಳಿ. ನಲ್ಲಗಂಡ್ಲ, ತೆಲ್ಲಾಪುರದ ಕಡೆ ಹೊಸ ಅಪಾರ್ಟ್‌ಮೆಂಟಿಗೆ ಪಾಯ ತೋಡುವವರು ಬಂಡೆ ಒಡೆಯುವುದನ್ನು ನಿಲ್ಲಿಸಿದ ದಿನವಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ದಾಟಬಾರದೆಂದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಗೂಡ್ಸ್ ಗಾಡಿಗೆ ಅದನ್ನು ಓದಿ ಹೇಳಿದವರಿಲ್ಲ.

ಆದರೆ ಗೂಡ್ಸ್ ಗಾಡಿ ಬಂದು ಹೋಗುತ್ತದೆ. ಕಂಪ್ಯೂಟರಿನ ಗುಂಯ್ ಬಂದು ಕೂತುಬಿಡುತ್ತದೆ. ಒಂದೇ ಶ್ರುತಿಯಲ್ಲಿ, ಒಂದೇ ಸಮ, ಹೋಗುವ ಮಾತೇ ಇಲ್ಲದ ನೆಂಟನ ಹಾಗೆ.

ನಮ್ಮದೂ ಪಕ್ಕದ ಕಾಕಾ ಅವರದೂ ಅಂಟಿಕೊಂಡ ಮನೆಗಳು. ನಡುವೆ ಒಂದೇ ಇಟ್ಟಿಗೆಯ ಗೋಡೆ, ಹಿಂದೆ ಹಿತ್ತಿಲಲ್ಲಿ ಎದೆಮಟ್ಟದ ಕಾಂಪೌಂಡು. ಕಾಕಾ ಸೇಡಂ ಕಡೆಯವರು. ರಾಮಚಂದ್ರಾಪುರದ ಬಿಎಚ್‌ಇಎಲ್‌ನಲ್ಲಿ ಟರ್ಬೈನುಗಳ ನಡುವೆ ಸೇವೆ ಮುಗಿಸಿ ನಿವೃತ್ತರಾದವರು. ಹೈದರಾಬಾದಿಗೆ ಯಾವಾಗ ಬಂದಿರಿ ಎಂದು ಕೇಳಿದವರಿಗೆಲ್ಲ ಅವರದು ಸಿದ್ಧ ಉತ್ತರ: "ನಾವೆಲ್ಲಿ ಬಂದೀವ್ರಿ? 1956ರ ತನಕ ನಮ್ಮೂರು ಹೈದರಾಬಾದ್ ರಾಜ್ಯದಾಗ ಇತ್ತು. ಹೈದರಾಬಾದೇ ನಮ್ಮನ್ನ ಬಿಟ್ಟು ಹೋತು. ನಾ ಅದರ ಹಿಂದ ಬಂದೀನಿ, ಅಷ್ಟ."

ಒಂದು ಬೆಳಿಗ್ಗೆ ಕಾಂಪೌಂಡಿನ ಮೇಲೆ ಚಹಾದ ಕಪ್ಪು ಇಟ್ಟು, ದೂರು ಹೇಳುವ ಧಾಟಿಯೇ ಇಲ್ಲದೆ ಕೇಳಿದರು: "ತಮ್ಮಾ, ನಿಮ್ಮ ಕಂಪ್ಯೂಟರದಾಗ ಎರಡು ಹಾರ್ಡ್ ಡಿಸ್ಕ್ ಅವ ಏನು?"

ಇವೆ, ನಿಮಗೆ ಹೇಗೆ ಗೊತ್ತಾಯಿತು ಎಂದೆ. ನಮ್ಮ ಮನೆಯಲ್ಲಿ ರಾತ್ರಿ ಕಂಪ್ಯೂಟರಿನ ಮುಂದೆ ಕೂರುವವಳು ನನ್ನ ಹೆಂಡತಿ. ಚಂದಾನಗರದ ಒಂದಷ್ಟು ಅಂಗಡಿಗಳ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆದುಕೊಡುತ್ತಾಳೆ. ಒಂದು ಡಿಸ್ಕಿನಲ್ಲಿ ಲೆಕ್ಕ, ಇನ್ನೊಂದರಲ್ಲಿ ಅದರ ನಕಲು, ಜೊತೆಗೆ ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಕಡತಗಳು.

"ಗ್ವಾಡಿಗೆ ಕಿವಿ ಹಚ್ಚೋದು ಬ್ಯಾಡ, ಮಲಗಿದಲ್ಲೇ ಕೇಳಸ್ತದ. ಸದ್ದು ಏರತದ, ಇಳೀತದ. ಹತ್ತು ಸೆಕೆಂಡಿಗೊಮ್ಮೆ. ಒಂದೇ ಡಿಸ್ಕ್ ಇದ್ರ ಹಂಗ ಅಲೆ ಬರಂಗಿಲ್ಲ."

ಇದರ ಹಿಂದಿನ ಲೆಕ್ಕ ಬಹಳ ಚೆಂದದ್ದು. ಡಿಸ್ಕಿನ ಮೇಲೆ 7200 ಎಂದು ಬರೆದಿದ್ದರೆ ಅದು ನಿಮಿಷಕ್ಕೆ ಅಷ್ಟು ಸುತ್ತು, ಸೆಕೆಂಡಿಗೆ 120. ಎರಡೂ ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ತಿರುಗುವುದು ಅಪರೂಪ. ಒಂದು 7200, ಇನ್ನೊಂದು 7194 ಎಂದುಕೊಳ್ಳಿ. ಆರು ಸುತ್ತಿನ ಆ ವ್ಯತ್ಯಾಸವೇ ಹತ್ತು ಸೆಕೆಂಡಿಗೊಮ್ಮೆ ಸದ್ದನ್ನು ಉಬ್ಬಿಸಿ ಇಳಿಸುತ್ತದೆ. ಎರಡರ ನಡುಕ ಒಂದೇ ದಿಕ್ಕಿಗೆ ಬಿದ್ದಾಗ ಸದ್ದು ಏರು, ಎದುರುಬದುರಾದಾಗ ಇಳಿ. ಜೋಡಿ ತಂತಿಗಳ ಶ್ರುತಿ ಸೇರಿಸುವವರು ಹುಡುಕುವುದು ಇದೇ ಅಲೆಯನ್ನು. ಅಲೆ ನಿಂತರೆ ಶ್ರುತಿ ಸೇರಿತು. ಕಾಕಾ ಕೈಗಡಿಯಾರ ಹಿಡಿದು ಮಂಚದ ಮೇಲೆ ಮಲಗಿಯೇ ನಮ್ಮ ಡಿಸ್ಕುಗಳ ಜಾತಕ ಬರೆದಿದ್ದರು.

"ವಿದ್ಯುತ್ ಕೇಂದ್ರದ ದೊಡ್ಡ ಟರ್ಬೈನ್ ತಿರುಗೋದು ನಿಮಿಷಕ್ಕ 3000. ಟನ್ನುಗಟ್ಟಲೆ ರೋಟರ್. ಅದಕ್ಕ ಎಂಥ ಪಾಯ ಹಾಕ್ತಾರ, ಗೊತ್ತೇನು? ನೀವು 7200ರದ್ದು ಎರಡು ತಂದು ಪ್ಲೈವುಡ್ ಟೇಬಲ್ ಮ್ಯಾಲ ಇಟ್ಟೀರಿ. ಅದೂ ಗ್ವಾಡಿಗೆ ಮೊಳೆ ಹೊಡೆದ ಟೇಬಲ್!"

ತೂಕದ ಹೋಲಿಕೆ ತಮಾಷೆಯದು, ನಿಜ. ಡಿಸ್ಕಿನ ತಟ್ಟೆ ಅಂಗೈಯಗಲದ್ದು. ಆದರೆ ತಿರುಗುವ ವಸ್ತುವಿನಲ್ಲಿ ಒಂದು ಕಡೆ ಕೂದಲೆಳೆಯಷ್ಟು ತೂಕ ಹೆಚ್ಚಿದ್ದರೂ ಅದು ಎಳೆಯುವ ಬಲ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡೂಕಾಲು ಪಟ್ಟು ದಾಟಿದರೆ ಬಲ ಐದು ಪಟ್ಟು ದಾಟುತ್ತದೆ. ಆ ಪುಟ್ಟ ನಡುಕ ಡಿಸ್ಕಿನಿಂದ ಸ್ಕ್ರೂಗೆ, ಅಲ್ಲಿಂದ ತಗಡಿನ ಕ್ಯಾಬಿನೆಟ್ಟಿಗೆ, ಅದರ ಕಾಲಿನಿಂದ ಮೇಜಿಗೆ ಇಳಿಯುತ್ತದೆ. ಡಿಸ್ಕ್ ಒಂದನ್ನೇ ಕೈಯಲ್ಲಿ ಹಿಡಿದರೆ ಕೇಳಿಸುವುದು ಅಷ್ಟಕ್ಕಷ್ಟೆ. ಅಗಲವಾದ ಹಲಗೆ ಸಿಕ್ಕಾಗಲೇ ಅದಕ್ಕೆ ಗಂಟಲು ಬರುವುದು. ನಮ್ಮಲ್ಲಿ ಹಲಗೆಗೆ ಗೋಡೆಯೂ ಸೇರಿ ಎರಡು ಮನೆಗೆ ಹಂಚಿಕೆಯಾಗಿತ್ತು.

ತಿರುಗದ ಎಸ್‌ಎಸ್‌ಡಿ ಕೊಂಡರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಮುಗಿಯುತ್ತದೆ. ಅಷ್ಟು ಜಾಗದ್ದು ಎರಡು ಕೊಳ್ಳುವ ಮಾತು ಬಂದಾಗ ನಮ್ಮ ಮನೆಯ ಲೆಕ್ಕಪಾಲಕಿ ತಲೆ ಎತ್ತಲೇ ಇಲ್ಲ. ಹಾಗಾಗಿ ಇರುವುದರಲ್ಲೇ ದಾರಿ ಹುಡುಕಬೇಕಿತ್ತು. ಆಗ ನೆನಪಾದದ್ದು ಅವಳದೇ ಮೆಮೊರಿ ಫೋಮ್ ದಿಂಬು. ಕುತ್ತಿಗೆ ನೋವಿಗೆಂದು ತಂದದ್ದು. ಸೆಖೆ ಎಂದು ಅವಳೇ ಅಟ್ಟಕ್ಕೆ ಎಸೆದಿದ್ದಳು.

ಗಾದಿ ಅಂಗಡಿಯವರು ಈ ಫೋಮನ್ನು ಮಾರುವ ಚೆಂದ ನೋಡಬೇಕು. "ನಾಸಾದ್ದು ಸಾರ್, ಗಗನಯಾತ್ರಿಗಳು ಮಲಗುವುದು." ಅರ್ಧ ಖರೆ. 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದ ಗುತ್ತಿಗೆಯ ಮೇಲೆ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದರು, ವಿಮಾನದ ಆಸನಕ್ಕೆಂದು. ಗಗನಯಾತ್ರಿಗಳಿಗೆ ಕಕ್ಷೆಯಲ್ಲಿ ಗಾದಿಯ ಹಂಗೇ ಇಲ್ಲ. ತೂಕವಿಲ್ಲದವನಿಗೆ ಯಾವ ಹಾಸಿಗೆ ಒತ್ತೀತು? ಗೋಡೆಗೆ ಕಟ್ಟಿದ ಚೀಲದೊಳಗೆ ಹೊಕ್ಕು ನಿದ್ದೆ ಮಾಡುತ್ತಾರೆ.

ಇರಲಿ. ಫೋಮಿನ ಗುಣ ಮಾತ್ರ ಸುಳ್ಳಲ್ಲ. ಮಾಮೂಲಿ ಸ್ಪಂಜಿನ ಮೇಲೆ ಗೋಲಿ ಬಿಟ್ಟರೆ ಪುಟಿಯುತ್ತದೆ. ಇದರ ಮೇಲೆ ಬಿಟ್ಟರೆ ತೆಪ್ಪಗೆ ಕೂರುತ್ತದೆ. ಒತ್ತಿದ ಶಕ್ತಿಯನ್ನು ಹಿಂದಿರುಗಿಸದೆ ಒಳಗೇ ಬಿಸಿಯಾಗಿ ಕರಗಿಸಿಬಿಡುವ ಜಾತಿ. ನಡುಕ ನುಂಗಲು ಇದಕ್ಕಿಂತ ಇನ್ನೇನು ಬೇಕು ಎಂದು ನಾನು ದಿಂಬನ್ನೂ ಹಲ್ಲಿನ ಚಾಕುವನ್ನೂ ಹಿಡಿದು ಕಾಂಪೌಂಡಿನ ಬಳಿ ಬಂದೆ.

ಕಾಕಾ ದಿಂಬನ್ನು ತೆಗೆದುಕೊಂಡು ಮೊದಲು ಮೆಲ್ಲಗೆ ಒತ್ತಿದರು. ಬೆರಳು ಇಳಿಯಿತು. ಆಮೇಲೆ ಮುಷ್ಟಿಯಿಂದ ಗುದ್ದಿದರು.

"ನೋಡಿದ್ಯಾ? ಸಾವಕಾಶ ಒತ್ತಿದ್ರ ಬೆಣ್ಣಿ. ಗುದ್ದಿದ್ರ ಬಿರುಸು. ಸೆಕೆಂಡಿಗೆ ನೂರಿಪ್ಪತ್ತು ಸರ್ತಿ ಒದಿಯೋ ಡಿಸ್ಕಿಗೆ ಇದು ಬೆಣ್ಣಿ ಆಗಂಗಿಲ್ಲ. ನಿನ್ನ ಕೈಗೆ ಎಷ್ಟು ಮೆತ್ತಗ ಅನಸ್ತದೋ ಅದಕ್ಕ ಅಷ್ಟು ಮೆತ್ತಗ ಇರಂಗಿಲ್ಲ ಇದು."

ಅಂದರೆ ಕೆಲಸಕ್ಕೆ ಬಾರದೆ? ಬರುತ್ತದೆ, ಕೂರಿಸುವ ಬಗೆ ಗೊತ್ತಿದ್ದರೆ. ಮೆತ್ತನೆಯ ಯಾವುದರ ಮೇಲೆ ಏನೇ ಇಟ್ಟರೂ ಆ ಜೋಡಿಗೆ ತನ್ನದೇ ಆದ ಒಂದು ತೂಗಾಟದ ವೇಗವಿರುತ್ತದೆ. ತೂಕ ಹೆಚ್ಚಿದಷ್ಟೂ, ಹಾಸು ಮೆತ್ತಗಾದಷ್ಟೂ ಆ ವೇಗ ಕಡಿಮೆ. ಸ್ಪ್ರಿಂಗಿನ ಲೆಕ್ಕದಲ್ಲಿ ತೂಕಕ್ಕೆ ಒಂದು ಮಿಲಿಮೀಟರ್ ಕುಗ್ಗಿದರೆ ಸೆಕೆಂಡಿಗೆ ಹದಿನಾರು ತೂಗು; ನಾಲ್ಕು ಮಿಲಿಮೀಟರ್ ಕುಗ್ಗಿದರೆ ಎಂಟು. ಮೆಮೊರಿ ಫೋಮ್ ಇದಕ್ಕಿಂತ ಬಿಗಿ, ಕಾಕಾ ಗುದ್ದಿ ತೋರಿಸಿದ ಕಾರಣಕ್ಕೆ; ಹೆಚ್ಚೆಂದರೆ ಇಪ್ಪತ್ತು ಎಂದುಕೊಳ್ಳಿ. ಯಂತ್ರದ ನಡುಕ ಆ ತೂಗಾಟದ ಸುಮಾರು ಒಂದೂವರೆ ಪಟ್ಟಿಗಿಂತ ವೇಗವಾಗಿದ್ದರೆ ಮಾತ್ರ ಕೆಳಗಿನ ಮೇಜಿಗೆ ಕಡಿಮೆ ತಲುಪುತ್ತದೆ. ವೇಗ ಹೆಚ್ಚಿದಷ್ಟೂ ಇನ್ನೂ ಕಡಿಮೆ. ಎರಡೂ ಹತ್ತಿರ ಹತ್ತಿರ ಬಂದವೋ, ಮೆತ್ತೆ ನಡುಕವನ್ನು ತಡೆಯುವ ಬದಲು ದೊಡ್ಡದು ಮಾಡಿ ಕೊಡುತ್ತದೆ. ನೂರಿಪ್ಪತ್ತಕ್ಕೂ ಇಪ್ಪತ್ತಕ್ಕೂ ದೂರ ಬಹಳ, ಹಾಗಾಗಿ ನಮಗೆ ಭಯವಿರಲಿಲ್ಲ.

ಭಯವಿದ್ದದ್ದು ಇನ್ನೊಂದು. ಕ್ಯಾಬಿನೆಟ್ಟಿನ ನಾಲ್ಕು ಕಾಲೂ ಗುಂಡಿಯಷ್ಟೇ ಅಗಲ. ಅವುಗಳ ಕೆಳಗೆ ಫೋಮ್ ಇಟ್ಟರೆ ಅಲ್ಲಲ್ಲೇ ಪೂರಾ ಚಪ್ಪಟೆಯಾಗಿ, ಅದು ಫೋಮಾಗಿ ಉಳಿಯುವುದಿಲ್ಲ. ಕ್ಯಾಬಿನೆಟ್ಟಿನ ಅಡಿಗೆ ಇಡೀ ದಿಂಬನ್ನೇ ಹಾಸಿದರೆ ಅಡಿಯಿಂದ ಗಾಳಿ ಎಳೆಯುವ ಪವರ್ ಸಪ್ಲೈ ಮೂಗು ಮುಚ್ಚಿದಂತೆ.

ಕಾಕಾ ಒಳಗೆ ಹೋಗಿ ಮೊಮ್ಮಗನ ಕೈಯಲ್ಲಿ ಒಂದು ಕಲ್ಲು ಹೊರಿಸಿಕೊಂಡು ಬಂದರು. ಎರಡಡಿ ಉದ್ದ, ಒಂದಡಿ ಅಗಲ, ಇಂಚು ದಪ್ಪದ ಫರಸಿ. ಮನೆ ಕಟ್ಟಿದಾಗ ಉಳಿದದ್ದು. ಶಹಾಬಾದ್, ಸೇಡಂ, ತಾಂಡೂರಿನ ಗಣಿಗಳಿಂದ ಇದೇ ರೈಲು ಹಾದಿಯ ಊರುಗಳ ನೆಲ, ಮೆಟ್ಟಿಲು, ಅಡುಗೆ ಕಟ್ಟೆಗಳಿಗೆಲ್ಲ ಬಂದು ಕೂತ ಸುಣ್ಣದ ಕಲ್ಲು. ಅದೇ ಜಾತಿಯ ಕಲ್ಲನ್ನು ಪುಡಿಮಾಡಿ ಸುಟ್ಟರೆ ರಾತ್ರಿಯ ಗೂಡ್ಸಿನ ಸಿಮೆಂಟು, ಸೀಳಿದರೆ ಫರಸಿ. "ತೂಕ ಹನ್ನೆರಡು ಕಿಲೋ ಹತ್ತಿರ ಇರ್ಬೇಕು," ಎಂದರು. ಅಳತೆಗೆ ಸಾಂದ್ರತೆ ಗುಣಿಸಿ ನೋಡಿದರೆ ಸರಿಯಾಗಿ ಅಷ್ಟೇ ಬರುತ್ತದೆ.

ಕೆಳಗೆ ಫೋಮಿನ ನಾಲ್ಕು ತುಂಡು, ಮೂಲೆಗೊಂದು. ಅದರ ಮೇಲೆ ಫರಸಿ. ಫರಸಿಯ ಮೇಲೆ ಕ್ಯಾಬಿನೆಟ್ಟು. ತುಂಡುಗಳು ಮೂರಿಂಚು ಚೌಕವಿದ್ದಾಗ ಇಪ್ಪತ್ತು ಕಿಲೋ ಹೊರಲಾರದೆ ಮೇಜಿಗಂಟಿದವು. ಐದಿಂಚಿನವು ಅರ್ಧದಷ್ಟು ಕುಗ್ಗಿ ನಿಂತವು. ಅಳತೆ ಹೇಗೆ ಎಂದರೆ ಕಾಕಾರ ಪ್ರಮಾಣ ಬಹಳ ಸರಳ: ಬೆರಳಿಂದ ಕಲ್ಲನ್ನು ನೂಕಿದರೆ ಅಲುಗಬೇಕು, ಬಿಟ್ಟರೆ ತೂಗಾಡದೆ ನಿಲ್ಲಬೇಕು. ಮಾಮೂಲಿ ಸ್ಪಂಜಾಗಿದ್ದರೆ ಒಂದಿಷ್ಟು ಹೊತ್ತು ತೂಗಾಡುತ್ತಿತ್ತು. ಬೇಗ ನಿಲ್ಲಿಸುವ ಆ ಒಂದು ಕೆಲಸ ಮೆಮೊರಿ ಫೋಮಿನದು. ಮಿಕ್ಕಿದ್ದನ್ನೆಲ್ಲ ಮಾಡುವುದು ಕಲ್ಲು: ನಡುಕಕ್ಕೆ ಅಲುಗದಷ್ಟು ಭಾರವಾಗಿರುವುದು, ನಾಲ್ಕು ಗುಂಡಿಕಾಲುಗಳ ತೂಕವನ್ನು ಹರಡುವುದು, ಕಾಲುಗಳ ಸಂದಿಯಲ್ಲಿ ಗಾಳಿಗೆ ದಾರಿ ಬಿಡುವುದು. ನಾಸಾದ ಹೆಸರಿಗೆ ಮರುಳಾದವರಿಗೆ ಸೇಡಂ ಕಲ್ಲಿನ ಮಹಿಮೆ ಹೇಳಿದರೆ ಯಾರು ಕೇಳುತ್ತಾರೆ!

ಮೇಜಿನ ಮೊಳೆಗಳನ್ನೂ ಕಿತ್ತು, ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದೆವು. ಡಿಸ್ಕಿನ ಗುಂಯ್ ಹೋಯಿತು. ಆಗ ಕೇಳಿಸಿದ್ದು ಫ್ಯಾನು.

ಫ್ಯಾನಿನದು ಬೇರೆ ಸಂಗತಿ. ಅದರ ಸದ್ದಿನಲ್ಲಿ ಹೆಚ್ಚಿನ ಪಾಲು ಗಾಳಿಯಲ್ಲೇ ಬರುವುದು. ಅಡಿಯ ಮೆತ್ತೆ ಅದಕ್ಕೇನು ಮಾಡೀತು? ಉಳಿದ ಫೋಮನ್ನು ಕ್ಯಾಬಿನೆಟ್ಟಿನ ಒಳಗೋಡೆಗೆ ಅಂಟಿಸೋಣವೇ ಎಂದು ಕೇಳಿದ್ದಕ್ಕೆ ಕಾಕಾ ಕಪ್ಪು ಕೆಳಗಿಟ್ಟರು. ಪಾಲಿಯುರೆಥೇನ್ ಜಾತಿಯ ಈ ಫೋಮ್ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಒಳಗೆ ಕಾವು ಏರಿದರೆ ಫ್ಯಾನು ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ವೇಗ ಐದನೇ ಒಂದು ಪಾಲು ಹೆಚ್ಚಿದರೆ ಸದ್ದು ಸುಮಾರು ನಾಲ್ಕು ಡೆಸಿಬೆಲ್ ಏರುತ್ತದೆ. ಸದ್ದಡಗಿಸಲು ಹಚ್ಚಿದ್ದೇ ಸದ್ದು ಎಬ್ಬಿಸುತ್ತದೆ. ಕಿಡಿ ತಾಗಿದರಂತೂ ಈ ಫೋಮಿನ ಹೊಗೆ ವಿಷ. ಡಿಸ್ಕನ್ನೇ ಫೋಮಿನಲ್ಲಿ ಸುತ್ತಿಡುವ ಜಾಣರೂ ಇದ್ದಾರೆ; ತಗಡಿಗೆ ತಾಗಿ ತಣ್ಣಗಾಗಬೇಕಾದದ್ದನ್ನು ಕಂಬಳಿ ಹೊದಿಸಿ ಕೂರಿಸಿದ ಹಾಗೆ.

ಫ್ಯಾನಿಗೆ ಬೇಕಾದದ್ದು ಬ್ರಷ್ಷು. ಲಿಂಗಂಪಲ್ಲಿಯ ಬಂಡೆಪುಡಿ ಅದರ ಎಲೆಗಳ ಮೇಲೂ ಹೀಟ್‌ಸಿಂಕಿನ ಸಂದಿಗಳಲ್ಲೂ ಕಂಬಳಿ ನೇಯ್ದಿತ್ತು. ಒರೆಸಿದ ಮೇಲೆ ಯಂತ್ರ ತಣ್ಣಗಾಯಿತು, ಫ್ಯಾನು ನಿಧಾನವಾಯಿತು. ವೇಗ ಅರ್ಧಕ್ಕಿಳಿದರೆ ಹದಿನೈದು ಡೆಸಿಬೆಲ್ ಇಳಿಯುತ್ತದೆಂದು ಲೆಕ್ಕ, ನಮ್ಮದು ಅರ್ಧಕ್ಕೇನೂ ಬರಲಿಲ್ಲ, ಆದರೂ ಹೆಂಡತಿ ಕೂಡಿಸುವ ಲೆಕ್ಕದ ಮಧ್ಯೆ ತಲೆ ಎತ್ತಿ "ಆಫ್ ಆಯ್ತಾ?" ಎಂದು ಕೇಳಿದಳು. ಅವಳಿಂದ ಇದು ದೊಡ್ಡ ಪ್ರಶಸ್ತಿ.

ಒಂದು ಎಚ್ಚರ. ಈ ಫೋಮಿಗೆ ಹವೆಯ ಮರ್ಜಿ ಜಾಸ್ತಿ. ಇಲ್ಲಿನ ಮೇ ತಿಂಗಳ ನಲವತ್ತು ದಾಟಿದ ಕಾವಿಗೆ ಮೆತ್ತಗಾಗಿ ಇನ್ನಷ್ಟು ಕುಸಿಯುತ್ತದೆ, ಡಿಸೆಂಬರಿನ ಬೆಳಿಗ್ಗೆ ಗಟ್ಟಿಯಾಗುತ್ತದೆ. ಸೆಖೆಗಾಲದಲ್ಲಿ ಪೂರಾ ಚಪ್ಪಟೆಯಾದರೆ ತುಂಡುಗಳನ್ನು ದೊಡ್ಡದು ಮಾಡಬೇಕು.

ಮುಕ್ಕಾಲು ದಿಂಬು ಉಳಿದಿತ್ತು. ಅದನ್ನು ಕಾಕಾ ಒಯ್ದರು. ಅವರ ಹೆಂಡತಿ ಕಾಕು ಅವರದು ಹಳೆಯ ತುಳಿಯುವ ಹೊಲಿಗೆ ಮಷಿನ್. ಅದರ ನಾಲ್ಕು ಕಾಲಿಗೂ ಮೆತ್ತೆ ಕೊಟ್ಟು ಟಕಟಕ ನಿಲ್ಲಿಸುವುದಾಗಿ ಘೋಷಿಸಿದರು. ನಿಮಿಷಕ್ಕೆ ಆರುನೂರು ಹೊಲಿಗೆ ಎಂದರೆ ಸೆಕೆಂಡಿಗೆ ಹತ್ತು. ಫೋಮಿನ ತೂಗಾಟವೂ ಆ ಆಸುಪಾಸಿನದೇ. ಟರ್ಬೈನಿನವರಿಗೆ ಇದು ಹೊಳೆಯಬೇಕಿತ್ತು. ಮನೆಯೊಳಗಿನ ಯಂತ್ರವೆಂದರೆ ಎಂಥ ಎಂಜಿನಿಯರಿಗೂ ಸಲಿಗೆ. ಸಂಜೆ ಕಾಂಪೌಂಡಿನಾಚೆಯಿಂದ ಕಬ್ಬಿಣದ ಸ್ಟ್ಯಾಂಡು ಗಡಗಡ ನಡುಗುವ ಸದ್ದು, ಅದರ ಹಿಂದೆಯೇ ಕಾಕು ಅವರ ದನಿ.

"ಇದು ನಿಮ್ಮ ಟರ್ಬೈನ್ ಅಲ್ಲ, ನಾ ಜಂಪರ ಹೊಲಿಯೋದು ಅದ! ಸೂಜಿ ಒಂದು ಕಡಿ, ನಾ ಒಂದು ಕಡಿ. ತಗೀರಿ ಅದನ್ನ ಮದಲ."

"ತಡಿ, ಒಂದು ಫರಸಿ ಹಾಕಿದ್ರ..." ಎಂದು ಕಾಕಾ ಶುರುಮಾಡಿದರು.

"ಫರಸಿ ಹಾಕಿದ್ರ ನಾ ಕಾಲೆಲ್ಲಿ ಇಡ್ಲಿ?"